ಬೆಳಕನ್ನು ಕಣ್ಣಿನಲ್ಲೇ ಅಳೆದ ಬ್ರೆಸಾನ್

1948ರ ಜನವರಿ 30. ದೆಹಲಿಯ ಬಿರ್ಲಾ ಭವನದ ಸುತ್ತ ಕತ್ತಲು ಕವಿದಿತ್ತು. ಒಳಗೆ ಮಹಾತ್ಮ ಗಾಂಧೀಜಿಯವರ ಪಾರ್ಥಿವ ಶರೀರ. ಹೊರಗೆ ಕಂಗಾಲಾದ ಜನಸಮೂಹ. ಪ್ರಧಾನಿ ಜವಾಹರಲಾಲ್ ನೆಹರೂ ಗೇಟಿನ ಬಳಿ ಎತ್ತರದಲ್ಲಿ ನಿಂತು ರಾಷ್ಟ್ರಪಿತನ ಸಾವಿನ ಸುದ್ದಿಯನ್ನು ಜನರಿಗೆ ತಿಳಿಸಿದರು. ಆ ಕ್ಷಣದ ಛಾಯಾಚಿತ್ರವೊಂದು ಇಂದಿಗೂ ಉಳಿದಿದೆ. ಛಾಯಾಗ್ರಹಣದ ಪಠ್ಯಪುಸ್ತಕವನ್ನು ಮುಂದಿಟ್ಟುಕೊಂಡು ನೋಡಿದರೆ ಅದರಲ್ಲಿ ದೋಷಗಳೇ ಹೆಚ್ಚು. ಚಿತ್ರ ಕದಲಿದಂತಿದೆ, ಕಣಗಳು ಎದ್ದು ಕಾಣುತ್ತವೆ, ದೀಪದ ಬೆಳಕಿನಾಚೆ ಎಲ್ಲವೂ ಕಪ್ಪು. ಆದರೂ ಆ ರಾತ್ರಿಯ ದಿಗ್ಭ್ರಮೆಯನ್ನು ಅಷ್ಟು ಸಮೀಪದಿಂದ ಹೇಳುವ ಚಿತ್ರ ಮತ್ತೊಂದು ಸಿಗುವುದು ಕಷ್ಟ.

ಅದನ್ನು ತೆಗೆದವರು ಫ್ರಾನ್ಸಿನ ಹೆನ್ರಿ ಕಾರ್ಟಿಯರ್ ಬ್ರೆಸಾನ್. ಅವರ ಕೈಯಲ್ಲಿದ್ದುದು ಲೈಕಾ ಎಂಬ ಪುಟ್ಟ ಜರ್ಮನ್ ಕ್ಯಾಮೆರಾ. ಅದಕ್ಕೆ ಬ್ಯಾಟರಿ ಇರಲಿಲ್ಲ, ಬೆಳಕು ಅಳೆಯುವ ಮೀಟರ್ ಇರಲಿಲ್ಲ. ಫ್ಲ್ಯಾಶ್ ಅಂತೂ ಅವರಿಗೆ ಒಗ್ಗದ ವಸ್ತು. ಎಷ್ಟು ಬೆಳಕಿದೆ ಎಂಬುದನ್ನು ಕಣ್ಣೇ ನಿರ್ಧರಿಸಬೇಕಿತ್ತು. ಹಾಗೆಂದು ಅದು ಮೀಟರ್ ಸಿಗದ ಕಾಲವೇನೂ ಆಗಿರಲಿಲ್ಲ. ಮೀಟರನ್ನು ಮೈಯಲ್ಲೇ ಅಳವಡಿಸಿಕೊಂಡ ಕ್ಯಾಮೆರಾಗಳು ಮಾರುಕಟ್ಟೆಗೆ ಬಂದು ಅದಾಗಲೇ ಹನ್ನೆರಡು ವರ್ಷ ಕಳೆದಿತ್ತು.

ಕುಂಚದಿಂದ ಕ್ಯಾಮೆರಾಗೆ

ಬ್ರೆಸಾನ್ ಜನಿಸಿದ್ದು 1908ರ ಆಗಸ್ಟ್ 22ರಂದು, ಪ್ಯಾರಿಸ್ ಬಳಿಯ ಶಾಂತಲೂ ಎಂಬ ಊರಿನಲ್ಲಿ. ಹೊಲಿಗೆ ನೂಲು ತಯಾರಿಸುವ ಸಿರಿವಂತ ಕುಟುಂಬ. ಮಗನಿಗೆ ವ್ಯಾಪಾರದಲ್ಲಿ ಆಸಕ್ತಿ ಹುಟ್ಟಲಿಲ್ಲ. ಚಿತ್ರಕಲೆಯ ಹುಚ್ಚು ಹಿಡಿದು ಆಂದ್ರೆ ಲೋತ್ ಎಂಬ ಕಲಾವಿದರ ಬಳಿ ಶಿಷ್ಯವೃತ್ತಿ ಮಾಡಿದರು. ಚೌಕಟ್ಟಿನೊಳಗೆ ರೇಖೆಗಳು ಹೇಗೆ ಕೂರಬೇಕು, ಖಾಲಿ ಜಾಗ ಎಷ್ಟಿರಬೇಕು ಎಂಬ ಜ್ಯಾಮಿತಿ ಅವರಿಗೆ ದಕ್ಕಿದ್ದು ಅಲ್ಲಿಯೇ.

ಇಪ್ಪತ್ತೆರಡರ ಹರೆಯದಲ್ಲಿ ಆಫ್ರಿಕಾಕ್ಕೆ ಹೋದ ಬ್ರೆಸಾನ್ ಐವರಿ ಕೋಸ್ಟ್‌ನಲ್ಲಿ ಬೇಟೆಯಾಡಿ ಹೊಟ್ಟೆ ಹೊರೆದರು. ಅಲ್ಲಿ ಮಾರಕ ಜ್ವರ ತಗುಲಿ ಬದುಕಿದ್ದೇ ಹೆಚ್ಚು ಎಂಬಂತೆ ಊರಿಗೆ ಮರಳಿದರು. ಚೇತರಿಸಿಕೊಳ್ಳುತ್ತಿದ್ದ ದಿನಗಳಲ್ಲಿ ಹಂಗೆರಿಯ ಮಾರ್ಟಿನ್ ಮುಂಕಾಚಿ ತೆಗೆದ ಛಾಯಾಚಿತ್ರವೊಂದು ಕಣ್ಣಿಗೆ ಬಿತ್ತು. ಆಫ್ರಿಕಾದಲ್ಲಿ ಅಲೆಗಳತ್ತ ಓಡುತ್ತಿರುವ ಮೂವರು ಹುಡುಗರ ಚಿತ್ರವದು. ಕುಂಚಕ್ಕೆ ಸಿಗದ ಕ್ಷಣವೊಂದು ಕ್ಯಾಮೆರಾಗೆ ಸಿಕ್ಕಿತ್ತು. ಮುಂದೆ 1932ರ ಹೊತ್ತಿಗೆ ಬ್ರೆಸಾನ್ ಕೈಗೆ ಲೈಕಾ ಬಂದಿತು. ಅದನ್ನು ಕೊಂಡದ್ದು ಮಾರ್ಸೇ ಬಂದರು ನಗರದಲ್ಲಿ.

ಲೈಕಾ ಆಗಿನ್ನೂ ಹೊಸತು. ವೆಟ್ಜ್‌ಲರ್ ಪಟ್ಟಣದ ಲೈಟ್ಜ್ ಕಾರ್ಖಾನೆಯಲ್ಲಿದ್ದ ಆಸ್ಕರ್ ಬಾರ್ನಾಕ್ ಅದನ್ನು ರೂಪಿಸಿದ್ದರು. ಮಾರಾಟಕ್ಕೆ ಬಂದದ್ದು 1925ರಲ್ಲಿ. ಸಿನಿಮಾಕ್ಕೆ ಬಳಸುವ 35 ಮಿ.ಮೀ. ಫಿಲ್ಮನ್ನೇ ಅಡ್ಡಲಾಗಿ ಓಡಿಸಿ, ಒಂದು ರೀಲಿನಲ್ಲಿ 36 ಚಿತ್ರ ತೆಗೆಯುವ ಈ ಯಂತ್ರ ಕೋಟಿನ ಜೇಬಿನಲ್ಲಿ ಅಡಗುತ್ತಿತ್ತು. ಒಳಗೆ ಇದ್ದುದು ಸ್ಪ್ರಿಂಗ್, ಹಲ್ಲುಗಾಲಿ ಮತ್ತು ಬಟ್ಟೆಯ ಎರಡು ಪರದೆ. ಗುಂಡಿ ಒತ್ತಿದರೆ ಒಂದು ಪರದೆಯ ಹಿಂದೆ ಇನ್ನೊಂದು ಸರಿದು, ನಡುವಿನ ಸಂದಿನಿಂದ ಫಿಲ್ಮಿಗೆ ಬೆಳಕು ಬೀಳುತ್ತಿತ್ತು. ಗಡಿಯಾರದಂತೆ, ಕೀಲಿ ಕೊಟ್ಟಷ್ಟು ಕೆಲಸ. ಬ್ರೆಸಾನ್ ಅದರ ಹೊಳೆಯುವ ಲೋಹದ ಮೈಗೆ ಕಪ್ಪು ಟೇಪು ಸುತ್ತಿದರು, ಯಾರ ಗಮನವೂ ಬೀಳದಿರಲೆಂದು. ಲೆನ್ಸ್ ಬಹುಪಾಲು ಒಂದೇ, 50 ಮಿ.ಮೀ.

ಮೀಟರ್ ಏಕೆ ಬೇಡವಾಯಿತು?

ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಅಂದಿನ ಮೀಟರ್‌ನ ಬಗೆಯನ್ನು ಅರಿಯಬೇಕು. ಸೆಲೆನಿಯಂ ಎಂಬ ಧಾತುವಿನ ಮೇಲೆ ಬೆಳಕು ಬಿದ್ದಾಗ ಹುಟ್ಟುವ ಅತ್ಯಲ್ಪ ವಿದ್ಯುತ್ತು ಮುಳ್ಳೊಂದನ್ನು ಕದಲಿಸುತ್ತದೆ. ಜರ್ಮನಿಯ ಜೈಸ್ ಕಂಪನಿ 1936ರಲ್ಲಿ ಹೊರತಂದ ಕಾಂಟ್ಯಾಕ್ಸ್-3 ಕ್ಯಾಮೆರಾದ ತಲೆಯ ಮೇಲೆ ಇಂಥದೇ ಮೀಟರ್ ಇತ್ತು. ಛಾಯಾಗ್ರಾಹಕ ಮುಳ್ಳನ್ನು ನೋಡಿ, ಅದು ತೋರಿದ ಸಂಖ್ಯೆಯನ್ನು ಶಟರಿಗೂ ಲೆನ್ಸಿನ ರಂಧ್ರಕ್ಕೂ ತಾನೇ ವರ್ಗಾಯಿಸಬೇಕಿತ್ತು. ಇದಿಷ್ಟಕ್ಕೆ ಕೆಲವು ಸೆಕೆಂಡುಗಳು ಬೇಕು. ಅಷ್ಟೂ ಹೊತ್ತು ಕಣ್ಣು ಬೀದಿಯ ಮೇಲಿರುವುದಿಲ್ಲ, ಮುಳ್ಳಿನ ಮೇಲಿರುತ್ತದೆ. ಬ್ರೆಸಾನ್‌ಗೆ ಬೇಕಾದ ಚಿತ್ರಗಳಾದರೋ ಸೆಕೆಂಡಿನ ನೂರರಲ್ಲೊಂದು ಭಾಗದಲ್ಲಿ ಹುಟ್ಟಿ ಅಳಿಯುವಂಥವು. 1932ರಲ್ಲಿ ಪ್ಯಾರಿಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂಭಾಗದಲ್ಲಿ ನಿಂತ ನೀರನ್ನು ದಾಟಲು ಜಿಗಿದ ವ್ಯಕ್ತಿಯ ಹಿಮ್ಮಡಿ ನೀರಿಗೆ ತಾಗುವ ಮುನ್ನವೇ ಅವರ ಶಟರ್ ಸರಿದಿತ್ತು. ಮುಳ್ಳು ನೋಡುತ್ತ ಕುಳಿತವರಿಗೆ ಸಿಗುತ್ತಿದ್ದುದು ಕಲಕಿದ ನೀರು ಮಾತ್ರ.

ಅಳತೆಯನ್ನೇ ಅವರು ಕೈಬಿಟ್ಟರು ಎಂದು ತಿಳಿಯಬಾರದು. ಅಳತೆಯ ಹೊತ್ತನ್ನು ಬದಲಿಸಿದರು ಎನ್ನುವುದು ಸರಿ. ತೀಕ್ಷ್ಣ ಬಿಸಿಲಿಗೆ ಇಷ್ಟು, ಮೋಡಕ್ಕೆ ಇಷ್ಟು, ಓಣಿಯ ನೆರಳಿಗೆ ಇಷ್ಟು ಎಂಬ ಲೆಕ್ಕ ನೂರಾರು ರೀಲುಗಳ ಅಭ್ಯಾಸದಿಂದ ಬೆರಳಿಗೆ ಬರುತ್ತದೆ. ಬೀದಿಗೆ ಇಳಿದೊಡನೆ ಆ ಲೆಕ್ಕದಂತೆ ಕ್ಯಾಮೆರಾ ಹೊಂದಿಸಿಟ್ಟರೆ, ಕ್ಷಣ ಎದುರಾದಾಗ ಮಾಡಬೇಕಾದ ಕೆಲಸ ಒಂದೇ ಉಳಿಯುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇತ್ತು. ಅಂದಾಜು ತಪ್ಪಿದರೆ ನೆಗೆಟಿವ್ ತೆಳುವಾಗುತ್ತದೆ ಅಥವಾ ಕಪ್ಪಿಟ್ಟುಹೋಗುತ್ತದೆ. ಕಪ್ಪು ಬಿಳುಪು ಫಿಲ್ಮು ತಕ್ಕಮಟ್ಟಿಗೆ ಕ್ಷಮಾಗುಣವುಳ್ಳದ್ದು. ಒಂದು ಮೆಟ್ಟಿಲು ಹೆಚ್ಚು ಕಡಿಮೆಯಾದರೂ ಡಾರ್ಕ್‌ರೂಮಿನಲ್ಲಿ ಸರಿದೂಗಿಸಬಹುದು. ಬ್ರೆಸಾನ್‌ ಪ್ರಿಂಟ್ ಹಾಕುವ ಕೆಲಸವನ್ನು ಇತರರಿಗೆ ಬಿಟ್ಟಿದ್ದರು. ಪ್ಯಾರಿಸಿನಲ್ಲಿ ಪಿಕ್ಟೊ ಲ್ಯಾಬ್ ನಡೆಸಿದ ಪಿಯೆರ್ ಗ್ಯಾಸ್‌ಮನ್ ಅವರಂಥ ನುರಿತವರ ನೆರವು ಇಲ್ಲದಿದ್ದರೆ ಕಣ್ಣಳತೆಯ ಈ ವಿಧಾನ ಇಷ್ಟು ದೂರ ಸಾಗುತ್ತಿತ್ತೇ ಎಂಬುದು ಕೇಳಲೇಬೇಕಾದ ಪ್ರಶ್ನೆ. ಕಲರ್ ಸ್ಲೈಡ್ ಫಿಲ್ಮಿಗೆ ಆ ಕ್ಷಮಾಗುಣವಿಲ್ಲ. ಬ್ರೆಸಾನ್ ಬಣ್ಣವನ್ನು ಕೊನೆಯವರೆಗೂ ಮೆಚ್ಚದಿರಲು ಕಾರಣಗಳು ಹಲವಿದ್ದರೂ, ಅವರ ವಿಧಾನಕ್ಕೆ ಬಣ್ಣ ಹೊಂದುತ್ತಿರಲಿಲ್ಲ ಎಂಬುದೂ ನಿಜ.

ಮಣ್ಣಿನಡಿ ಹೂತಿಟ್ಟ ಲೈಕಾ

ಎರಡನೇ ಮಹಾಯುದ್ಧ ಆರಂಭವಾದಾಗ ಬ್ರೆಸಾನ್ ಫ್ರೆಂಚ್ ಸೇನೆಯ ಫಿಲ್ಮ್ ಮತ್ತು ಛಾಯಾಗ್ರಹಣ ದಳ ಸೇರಿದರು. 1940ರ ಜೂನ್‌ನಲ್ಲಿ ವೋಜ್ ಪರ್ವತ ಪ್ರದೇಶದಲ್ಲಿ ಜರ್ಮನ್ನರ ಕೈಗೆ ಸಿಕ್ಕಿಬಿದ್ದರು. ಅದಕ್ಕೂ ಮುನ್ನ ತಮ್ಮ ಲೈಕಾವನ್ನು ಅಲ್ಲಿಯೇ ನೆಲದಲ್ಲಿ ಹೂತಿಟ್ಟಿದ್ದರು. ಸುಮಾರು ಮೂರು ವರ್ಷ ಸೆರೆವಾಸ, ದಿನವೂ ಬಲವಂತದ ದುಡಿಮೆ. ಎರಡು ಬಾರಿ ತಪ್ಪಿಸಿಕೊಂಡು ಮತ್ತೆ ಸಿಕ್ಕಿಬಿದ್ದು ಏಕಾಂತ ಸೆರೆಯ ಶಿಕ್ಷೆ ಅನುಭವಿಸಿದರು. 1943ರಲ್ಲಿ ಮೂರನೆಯ ಪ್ರಯತ್ನ ಫಲಿಸಿತು. ತಲೆಮರೆಸಿಕೊಂಡು ಬಂದವರು ಹೂತಿಟ್ಟ ಕ್ಯಾಮೆರಾವನ್ನು ಅಗೆದು ತೆಗೆದರು.

ಇತ್ತ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಬ್ರೆಸಾನ್ ಯುದ್ಧದಲ್ಲಿ ಸತ್ತರೆಂದೇ ನಂಬಿ ಮರಣೋತ್ತರ ಪ್ರದರ್ಶನಕ್ಕೆ ಸಿದ್ಧತೆ ನಡೆಸಿತ್ತು! 1947ರಲ್ಲಿ ಆ ಪ್ರದರ್ಶನ ನಡೆದಾಗ ಕಲಾವಿದರೇ ಹಾಜರಿದ್ದರು. ಅದೇ ವರ್ಷ ರಾಬರ್ಟ್ ಕಾಪಾ, ಡೇವಿಡ್ ಸೇಮೂರ್, ಜಾರ್ಜ್ ರಾಜರ್ ಮೊದಲಾದವರೊಂದಿಗೆ ಸೇರಿ ಮ್ಯಾಗ್ನಂ ಸಂಸ್ಥೆಯನ್ನು ಕಟ್ಟಿದರು. ಛಾಯಾಗ್ರಾಹಕರೇ ಒಡೆಯರಾದ ಈ ಸಂಸ್ಥೆಯಲ್ಲಿ ಏಷ್ಯಾ ಬ್ರೆಸಾನ್ ಪಾಲಿಗೆ ಬಂತು. ಜಾವಾದ ನೃತ್ಯಗಾತಿಯಾಗಿದ್ದ ಪತ್ನಿ ರತ್ನಾ ಮೋಹಿನಿ ಅವರೊಂದಿಗೆ, ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ ಭಾರತಕ್ಕೆ ಬಂದಿಳಿದರು. ಕುರುಕ್ಷೇತ್ರದ ನಿರಾಶ್ರಿತರ ಶಿಬಿರದಲ್ಲಿ ಅವರು ತೆಗೆದ ಚಿತ್ರಗಳು ಆ ದುರಂತದ ಮುಖ್ಯ ದಾಖಲೆಗಳಲ್ಲಿ ಸೇರಿವೆ.

ಜನವರಿ 30ರ ಮಧ್ಯಾಹ್ನದ ನಂತರ ಬ್ರೆಸಾನ್ ಬಿರ್ಲಾ ಭವನದಲ್ಲಿ ಗಾಂಧೀಜಿಯವರನ್ನು ಭೇಟಿಯಾಗಿ ನ್ಯೂಯಾರ್ಕ್ ಪ್ರದರ್ಶನದ ಪುಸ್ತಕವನ್ನು ತೋರಿಸಿದ್ದರು. ಗಾಂಧೀಜಿ ಪುಟ ತಿರುವುತ್ತ, ಶವದ ಬಂಡಿಯೊಂದರ ಬಳಿ ನಿಂತ ಕವಿ ಪಾಲ್ ಕ್ಲೊಡೆಲ್ ಅವರ ಚಿತ್ರದ ಮುಂದೆ ತಡೆದು ಅದರ ಅರ್ಥವನ್ನು ವಿಚಾರಿಸಿದ್ದರು. ಬ್ರೆಸಾನ್ ಅಲ್ಲಿಂದ ಹೊರಟ ಸ್ವಲ್ಪ ಹೊತ್ತಿಗೆ ಗುಂಡು ಹಾರಿತು. ಸುದ್ದಿ ತಿಳಿದು ಮರಳಿ ಓಡಿ ಬಂದರು.

ಅಂದಿನ ರಾತ್ರಿ ಅಮೆರಿಕದ ಲೈಫ್ ಪತ್ರಿಕೆಯ ಮಾರ್ಗರೆಟ್ ಬರ್ಕ್-ವೈಟ್ ಕೂಡ ಅಲ್ಲಿದ್ದರು. ಅವರು ಒಳಗೆ ಫ್ಲ್ಯಾಶ್ ಬೆಳಗಿಸಿದ್ದು ಶೋಕತಪ್ತರ ಸಿಟ್ಟಿಗೆ ಕಾರಣವಾಗಿ, ಫಿಲ್ಮ್ ಕಳೆದುಕೊಂಡು ಹೊರನಡೆಯಬೇಕಾಯಿತು. ಬ್ರೆಸಾನ್ ಇದ್ದ ಬೆಳಕಿನಲ್ಲೇ ಚಿತ್ರ ತೆಗೆದರು. ಆ ಕತ್ತಲಲ್ಲಿ ಸೆಲೆನಿಯಂ ಮೀಟರಿನ ಮುಳ್ಳು ಅಲುಗುವುದೂ ಅನುಮಾನ. ನೆಹರೂ ಗೇಟಿನ ಬಳಿ ಮಾತನಾಡಿದಾಗ ಲೆನ್ಸನ್ನು ಅಗಲ ತೆರೆದು, ಶಟರನ್ನು ನಿಧಾನಕ್ಕೆ ಇಳಿಸಿ, ಉಸಿರು ಬಿಗಿಹಿಡಿಯುವುದಷ್ಟೇ ಉಳಿದ ದಾರಿ. ಚಿತ್ರ ಕದಲಿದ್ದು ಅದರಿಂದಲೇ.

ತೆಗೆದ ರೀಲುಗಳು ವಿದೇಶಕ್ಕೆ ರವಾನೆಯಾಗುತ್ತಿದ್ದವು. ತಮ್ಮ ಅಂದಾಜು ಫಲಿಸಿತೋ ಇಲ್ಲವೋ ಎಂದು ತಿಳಿಯಲು ಛಾಯಾಗ್ರಾಹಕ ಬಹುಕಾಲ ಕಾಯಬೇಕಿತ್ತು. ಆ ವರ್ಷದ ಕೊನೆಗೆ ಚೀನಾಕ್ಕೆ ಹೋದಾಗಲೂ ಇದೇ ಕಥೆ. ಶಾಂಘೈನಲ್ಲಿ ಚಿನ್ನ ಕೊಳ್ಳಲು ಬ್ಯಾಂಕಿನೆದುರು ಒತ್ತೊತ್ತಾಗಿ ನಿಂತ ಜನರ ಪ್ರಸಿದ್ಧ ಚಿತ್ರ ಆ ಪ್ರವಾಸದ್ದು.

1952ರಲ್ಲಿ ಪ್ರಕಟವಾಗಿ ಇಂಗ್ಲಿಷಿನಲ್ಲಿ ದಿ ಡಿಸೈಸಿವ್ ಮೊಮೆಂಟ್ ಎಂದು ಹೆಸರಾದ ಅವರ ಪುಸ್ತಕಕ್ಕೆ ಮುಖಪುಟ ರಚಿಸಿದವರು ಚಿತ್ರಕಾರ ಹೆನ್ರಿ ಮಾತಿಸ್. 1954ರಲ್ಲಿ ಲೈಕಾ ಕಂಪನಿ ಎಂ-3 ಮಾದರಿಯನ್ನು ತಂದಾಗ ಅದರ ಮೇಲೆ ಸಿಕ್ಕಿಸಿ ಬಳಸುವ ಮೀಟರನ್ನೂ ಮಾರಾಟಕ್ಕಿಟ್ಟಿತು. ಬ್ರೆಸಾನ್ ಎಂ-3 ಬಳಸಿದರು, ಕಣ್ಣಳತೆಯನ್ನು ಮಾತ್ರ ಬಿಡಲಿಲ್ಲ. ಅದೇ ಸರಣಿಯಲ್ಲಿ ಒಳಗೇ ಮೀಟರ್ ಇರುವ ಎಂ-5 ಬಂದದ್ದು 1971ರಲ್ಲಿ. ಅಷ್ಟರಲ್ಲಿ ಅವರ ಮನಸ್ಸು ಮತ್ತೆ ಚಿತ್ರಕಲೆಯತ್ತ ಹೊರಳಿತ್ತು.

ಎಪ್ಪತ್ತರ ದಶಕದ ಮಧ್ಯದಿಂದ ಬ್ರೆಸಾನ್ ಪೆನ್ಸಿಲ್ ಹಿಡಿದು ಸ್ಕೆಚ್ ಬರೆಯುತ್ತ ಕುಳಿತರು. ಕ್ಯಾಮೆರಾವನ್ನು ಮನೆಯ ತಿಜೋರಿಯಲ್ಲಿಟ್ಟರು, ಹೊರತೆಗೆದದ್ದು ಅಪರೂಪ. 1970ರಲ್ಲಿ ಅವರ ಕೈಹಿಡಿದ ಮಾರ್ಟೀನ್ ಫ್ರಾಂಕ್ ಸ್ವತಃ ಛಾಯಾಗ್ರಾಹಕಿ. ನೆಗೆಟಿವ್‌ಗಳನ್ನೂ ಪ್ರಿಂಟ್‌ಗಳನ್ನೂ ಕಾಪಾಡಲು ಪ್ಯಾರಿಸಿನಲ್ಲಿ ತೆರೆದ ಪ್ರತಿಷ್ಠಾನ 2003ರಲ್ಲಿ ಕೆಲಸ ಆರಂಭಿಸಿತು. ಮರುವರ್ಷ ಆಗಸ್ಟ್ 3ರಂದು, 96ನೇ ಹುಟ್ಟುಹಬ್ಬಕ್ಕೆ ಮೂರು ವಾರವಷ್ಟೇ ಇರುವಾಗ, ದಕ್ಷಿಣ ಫ್ರಾನ್ಸಿನ ಮಾಂಜ್ಯುಸ್ಟಾನ್ ಗ್ರಾಮದಲ್ಲಿ ಬ್ರೆಸಾನ್ ಕೊನೆಯುಸಿರೆಳೆದರು.