ಥಾಮಸ್ ಮನ್ರೋ

ಮಕ್ಕಳೇ, ನಿಮ್ಮ ಮನೆಯಲ್ಲಿ ಹೊಲದ ಪಟ್ಟಾ ಪುಸ್ತಕ ಇದೆಯೇ? ಇದ್ದರೆ ಹಿರಿಯರನ್ನು ಕೇಳಿ ಒಮ್ಮೆ ನೋಡಿರಿ. ಅದರಲ್ಲಿ ಹೊಲದ ಒಡೆಯರ ಹೆಸರು ಮತ್ತು ಹೊಲದ ಅಳತೆ ಬರೆದಿರುತ್ತದೆ. ಹೀಗೆ ಒಬ್ಬೊಬ್ಬ ರೈತನ ಹೆಸರಿಗೂ ಪಟ್ಟಾ ಬರೆದುಕೊಡುವ ಪದ್ಧತಿ ನಮ್ಮ ಆದೋನಿ, ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಬೇರೂರಿ ಇನ್ನೂರು ವರ್ಷಗಳಾದವು. ಇದನ್ನು ಬೆಳೆಸಿದವರಲ್ಲಿ ಮುಖ್ಯರಾದವರು ಥಾಮಸ್ ಮನ್ರೋ. ಅವರು ದೂರದ ದೇಶದವರು. ನಮ್ಮನ್ನು ಆಳುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ. ಆದರೂ ನಮ್ಮ ಹಿರಿಯರು ಅವರನ್ನು ಮರೆಯಲಿಲ್ಲ. ಏಕೆ ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಮನ್ರೋ ಅವರು 1761ನೆಯ ಇಸವಿ ಮೇ 27ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಹುಟ್ಟಿದರು. ತಂದೆ ಹೊಗೆಸೊಪ್ಪಿನ ವ್ಯಾಪಾರಿ. ಅಮೆರಿಕದಲ್ಲಿ ಯುದ್ಧ ನಡೆದಾಗ ಅವರ ವ್ಯಾಪಾರ ಮುಳುಗಿತು. ಮನೆಗೆ ಬಡತನ ಬಂದಿತು. ಚಿಕ್ಕಂದಿನಲ್ಲಿ ಬಂದ ಕಾಯಿಲೆಯಿಂದ ಮನ್ರೋ ಅವರ ಕಿವಿಯೂ ಮಂದವಾಗಿತ್ತು. ಆದರೂ ಅವರು ಎದೆಗುಂದಲಿಲ್ಲ. ಕಂಪನಿಯ ಸೈನ್ಯಕ್ಕೆ ಸೇರಿ 1780ರಲ್ಲಿ ಮದರಾಸಿಗೆ ಬಂದಿಳಿದರು. ಬಿಡುವಿನ ವೇಳೆಯಲ್ಲಿ ಪರ್ಷಿಯನ್, ಹಿಂದೂಸ್ತಾನಿ ಭಾಷೆಗಳನ್ನು ಕಲಿತರು. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ವಿರುದ್ಧ ನಡೆದ ಯುದ್ಧಗಳಲ್ಲಿ ಭಾಗವಹಿಸಿದರು.

1792ರಲ್ಲಿ ಅವರ ಕೆಲಸ ಬದಲಾಯಿತು. ಈಗಿನ ಕೃಷ್ಣಗಿರಿ, ಧರ್ಮಪುರಿ, ಸೇಲಂ ಕಡೆಯ ಬಾರಾಮಹಲ್ ಸೀಮೆ ಆಗ ಕಂಪನಿಯ ಕೈಸೇರಿತು. ಅಲ್ಲಿ ಅಲೆಗ್ಸಾಂಡರ್ ರೀಡ್ ಎಂಬ ಅಧಿಕಾರಿಯ ಕೈಕೆಳಗೆ ಮನ್ರೋ ಕಂದಾಯದ ಕೆಲಸ ಕಲಿತರು. ಏಳು ವರ್ಷ ಹಳ್ಳಿಯಿಂದ ಹಳ್ಳಿಗೆ ಸುತ್ತಿದರು. ರೈತನಿಗೂ ಸರ್ಕಾರಕ್ಕೂ ನಡುವೆ ಜಮೀನುದಾರನಾಗಲಿ ಗುತ್ತಿಗೆದಾರನಾಗಲಿ ಇರಬಾರದು, ರೈತನೇ ನೇರವಾಗಿ ಸರ್ಕಾರಕ್ಕೆ ಕಂದಾಯ ಕೊಡಬೇಕು ಎಂಬ ವಿಚಾರ ಅಲ್ಲಿ ಬೆಳೆಯಿತು. ಈ ಪದ್ಧತಿಗೆ ರೈತವಾರಿ ಎಂದು ಹೆಸರು. 1799ರಲ್ಲಿ ಮನ್ರೋ ಕನ್ನಡ ಜಿಲ್ಲೆಯ ಕಲೆಕ್ಟರ್ ಆದರು. ಕಾಸರಗೋಡು, ಮಂಗಳೂರು, ಕಾರವಾರಗಳೆಲ್ಲ ಆಗ ಆ ಒಂದೇ ಜಿಲ್ಲೆಯಲ್ಲಿದ್ದವು.

1800ರಲ್ಲಿ ಹೈದರಾಬಾದಿನ ನಿಜಾಮನು ನಮ್ಮ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟನು. ಬಳ್ಳಾರಿ, ಅನಂತಪುರ, ಕಡಪ ಮತ್ತು ಕರ್ನೂಲಿನ ಕೆಲವು ಭಾಗಗಳು ಇದರಲ್ಲಿ ಸೇರಿದ್ದವು. ಬಿಟ್ಟುಕೊಟ್ಟ ನಾಡಾದ್ದರಿಂದ ಇದಕ್ಕೆ ದತ್ತ ಮಂಡಲ ಎಂಬ ಹೆಸರು ಬಂದಿತು. ಮನ್ರೋ ಇದರ ಮುಖ್ಯ ಕಲೆಕ್ಟರ್ ಆಗಿ ಬಂದರು. ಆಗ ಇಲ್ಲಿನ ಸ್ಥಿತಿ ಹೇಗಿತ್ತು ಗೊತ್ತೇ? ಮೇಲಿಂದ ಮೇಲೆ ನಡೆದ ಯುದ್ಧಗಳಿಂದ ಊರುಗಳು ಹಾಳಾಗಿದ್ದವು. ಪಾಳೆಯಗಾರರು ಒಂದು ಕಡೆ ಸುಲಿಗೆ ಮಾಡುತ್ತಿದ್ದರು. ಇನ್ನೊಂದು ಕಡೆ ಅಮಲ್ದಾರರು ತಮಗೆ ತೋಚಿದಷ್ಟು ಕಂದಾಯ ಕೇಳುತ್ತಿದ್ದರು. ಎಷ್ಟು ಕೊಡಬೇಕು ಎಂಬುದು ರೈತನಿಗೆ ಮೊದಲೇ ತಿಳಿಯುತ್ತಿರಲಿಲ್ಲ.

ಮನ್ರೋ ಊರೂರಿಗೆ ಹೋಗಿ ಡೇರೆ ಹಾಕಿದರು. ಏಳು ವರ್ಷಗಳ ಬಹುಕಾಲ ಅವರಿಗೆ ಡೇರೆಯೇ ಮನೆಯಾಗಿತ್ತು. 1802ರಲ್ಲಿ ಅವರು ಹೊಲಗಳ ಅಳತೆಯನ್ನು ಆರಂಭಿಸಿದರು. 33 ಅಡಿ ಉದ್ದದ ಸರಪಳಿ ಹಿಡಿದು ಹೊಲದಿಂದ ಹೊಲಕ್ಕೆ ಅಳೆಯಲಾಯಿತು. ಖುಷ್ಕಿ, ತರಿ, ತೋಟ ಎಂದು ನೆಲವನ್ನು ವಿಂಗಡಿಸಲಾಯಿತು. ಪ್ರತಿಯೊಂದು ಹೊಲಕ್ಕೂ ಇಷ್ಟೇ ಕಂದಾಯ ಎಂದು ಗೊತ್ತುಪಡಿಸಲಾಯಿತು.

ಇದೆಲ್ಲ ಸುಲಭವಾಗಿ ನಡೆಯಲಿಲ್ಲ. ಮನ್ರೋ ಅವರು ಪಾಳೆಯಗಾರರನ್ನು ಬಲದಿಂದ ಅಡಗಿಸಿದರು. ಈ ಕಠಿಣ ರೀತಿಯನ್ನು ಲಂಡನ್ನಿನಲ್ಲಿದ್ದ ಕಂಪನಿಯ ನಿರ್ದೇಶಕರೂ ಮೆಚ್ಚಲಿಲ್ಲ. ಇನ್ನೊಂದು ಮಾತು. ಕಂಪನಿಗೆ ಹಣ ಬೇಕಾಗಿತ್ತು. ಮನ್ರೋ ಕಾಲದಲ್ಲಿ ದತ್ತ ಮಂಡಲದ ಕಂದಾಯ ಏಳು ವರ್ಷಗಳಲ್ಲಿ ಸುಮಾರು ಒಂದೂವರೆ ಪಾಲಾಯಿತು. ಕಂಪನಿ ಸಂತೋಷಪಟ್ಟಿತು. ಬೇರೆ ಅಧಿಕಾರಿಯಾಗಿದ್ದರೆ ಅಷ್ಟಕ್ಕೇ ತೃಪ್ತಿಪಡುತ್ತಿದ್ದರು.

ಆದರೆ ಮನ್ರೋ ಲೆಕ್ಕವನ್ನು ಇನ್ನೊಂದು ಕಡೆಯಿಂದಲೂ ನೋಡಿದರು. ನೀವೂ ಆ ಲೆಕ್ಕ ಮಾಡಿ ನೋಡಿರಿ. ರೈತನೊಬ್ಬ ನೂರು ಸೇರು ಜೋಳ ಬೆಳೆದನು ಎನ್ನೋಣ. ಅದರಲ್ಲಿ ಸುಮಾರು 45 ಸೇರಿನ ಬೆಲೆ ಕಂದಾಯಕ್ಕೆ ಹೋಗುತ್ತಿತ್ತು. ಉಳಿದ 55 ಸೇರಿನಲ್ಲಿ ಬೀಜ, ಎತ್ತು, ಕೂಲಿ, ಮನೆಯವರ ಊಟ, ಬಟ್ಟೆ ಎಲ್ಲವೂ ಆಗಬೇಕು. ಒಂದು ವರ್ಷ ಮಳೆ ಕೈಕೊಟ್ಟರೆ ಗತಿಯೇನು? ಎತ್ತು ಮಾರಬೇಕು, ಇಲ್ಲವೆ ಊರು ಬಿಡಬೇಕು. ತೆರಿಗೆ ಭಾರವಾದರೆ ರೈತ ನೆಲವನ್ನು ಚೆನ್ನಾಗಿ ನೋಡಿಕೊಳ್ಳಲಾರ ಎಂಬುದು ಮನ್ರೋ ಅವರಿಗೆ ಮನದಟ್ಟಾಯಿತು.

1807ರಲ್ಲಿ ಅವರು ಸರ್ಕಾರಕ್ಕೆ ಒಂದು ವರದಿ ಬರೆದರು. ತಾವೇ ಗೊತ್ತುಮಾಡಿದ ಕಂದಾಯ ಹೆಚ್ಚಾಗಿದೆ, ಅದನ್ನು ನಾಲ್ಕರಲ್ಲಿ ಒಂದು ಪಾಲು ಇಳಿಸಬೇಕು, ಬಾವಿಯ ನೀರಿನಿಂದ ಬೆಳೆಯುವ ನೆಲಕ್ಕೆ ಇನ್ನೂ ಸ್ವಲ್ಪ ಹೆಚ್ಚು ಇಳಿಸಬೇಕು ಎಂದು ತಿಳಿಸಿದರು. ಹಾಗೆ ಮಾಡಿದರೆ ನೂರು ಸೇರಿನಲ್ಲಿ ಸರ್ಕಾರಕ್ಕೆ ಸುಮಾರು 34 ಸೇರು ಹೋಗುತ್ತದೆ. ರೈತನಿಗೆ 66 ಸೇರು ಉಳಿಯುತ್ತದೆ. ಮಕ್ಕಳೇ, ತನ್ನ ಕೆಲಸದಲ್ಲಿರುವ ತಪ್ಪನ್ನು ತಾನೇ ಮೇಲಿನವರಿಗೆ ಬರೆದು ತಿಳಿಸುವುದು ಸುಲಭವಲ್ಲ.

ಸರ್ಕಾರ ಒಪ್ಪಲಿಲ್ಲ. ಮನ್ರೋ ಅದೇ ವರ್ಷ ಸ್ವದೇಶಕ್ಕೆ ಹೊರಟುಹೋದರು. ಅವರು ಹೋದ ಮೇಲೆ ಹಳ್ಳಿಗಳನ್ನು ಗುತ್ತಿಗೆಗೆ ಕೊಡಲಾಯಿತು. ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ. ಗುತ್ತಿಗೆ ಹಿಡಿದವರು ಆ ಭಾರದ ಕಂದಾಯವನ್ನು ಕಟ್ಟಲಾರದೆ ರೈತರನ್ನು ಹಿಂಡಿದರು. ಕೊನೆಗೆ ಎಷ್ಟೋ ಜನ ಗುತ್ತಿಗೆದಾರರೂ ದಿವಾಳಿಯಾದರು.

ಈ ನಡುವೆ ಇಂಗ್ಲೆಂಡಿನ ಸಂಸತ್ತು ಕಂಪನಿಯ ಆಡಳಿತವನ್ನು ವಿಚಾರಣೆ ಮಾಡುತ್ತಿತ್ತು. 1813ರಲ್ಲಿ ಮನ್ರೋ ಅದರ ಮುಂದೆ ಸಾಕ್ಷಿ ಹೇಳಿದರು. ಆಗ ನ್ಯಾಯಾಲಯಗಳ ವಿಷಯವೂ ದೊಡ್ಡದಾಗಿತ್ತು. ಕಂಪನಿಯು ನಮ್ಮ ಕಡೆ ಜಿಲ್ಲೆಗೊಂದು ಕೋರ್ಟನ್ನು ತೆರೆದಿತ್ತು. ಕೋರ್ಟಿನ ಊರು ಹಳ್ಳಿಯಿಂದ ಬಹುದೂರ. ನ್ಯಾಯಾಧೀಶರು ಪರದೇಶದವರು. ಹೊಲದ ಬದುವಿನ ಜಗಳಕ್ಕೂ ಐದು ರೂಪಾಯಿ ಸಾಲಕ್ಕೂ ರೈತನು ಬುತ್ತಿ ಕಟ್ಟಿಕೊಂಡು ದಿನಗಟ್ಟಲೆ ನಡೆಯಬೇಕು. ತೀರ್ಪು ಬರುವ ಹೊತ್ತಿಗೆ ಸಾಲಕ್ಕಿಂತ ಖರ್ಚೇ ಹೆಚ್ಚಾಗುತ್ತಿತ್ತು.

ಇದನ್ನು ಸರಿಪಡಿಸಲು 1814ರಲ್ಲಿ ಒಂದು ಆಯೋಗ ನೇಮಕವಾಯಿತು. ಮನ್ರೋ ಅದರ ಮುಖ್ಯಸ್ಥರಾಗಿ ಮತ್ತೆ ಮದರಾಸಿಗೆ ಬಂದರು. 1816ರಲ್ಲಿ ಹೊಸ ಕಾನೂನುಗಳು ಬಂದವು. ಹತ್ತು ರೂಪಾಯಿಯವರೆಗಿನ ವ್ಯಾಜ್ಯಗಳನ್ನು ಊರಿನ ಮುಖ್ಯಸ್ಥನೇ ಗ್ರಾಮ ಮುನ್ಸೀಫನಾಗಿ ತೀರ್ಮಾನಿಸಬಹುದಾಯಿತು. ಇಬ್ಬರೂ ಒಪ್ಪಿದರೆ ಪಂಚಾಯಿತಿಯ ಮುಂದೆ ಹೋಗಬಹುದಾಯಿತು. ಅದಕ್ಕಿಂತ ದೊಡ್ಡ ವ್ಯಾಜ್ಯಗಳಿಗೆ ಜಿಲ್ಲಾ ಮುನ್ಸೀಫರಿದ್ದರು. ಅವರೂ ನಮ್ಮ ದೇಶದವರೇ. ಜನರ ಮಾತು, ನಡೆ, ನುಡಿ ಬಲ್ಲವರು. ಮನ್ರೋ ಪಂಚಾಯಿತಿಗಳ ಮೇಲೆ ಬಹಳ ಭರವಸೆ ಇಟ್ಟಿದ್ದರು. ಆದರೆ ಜನರು ಮುನ್ಸೀಫರ ಬಳಿಗೇ ಹೆಚ್ಚಾಗಿ ಹೋದರು.

ಈ ವ್ಯವಸ್ಥೆಯಲ್ಲಿ ಒಂದು ದೊಡ್ಡ ಕೊರತೆಯೂ ಇತ್ತು. ಕಂದಾಯ ವಸೂಲಿ ಮಾಡುವ ಕಲೆಕ್ಟರರ ಕೈಗೇ ಪೊಲೀಸ್ ಅಧಿಕಾರವನ್ನೂ ಕೊಡಲಾಯಿತು. ತೆರಿಗೆ ಕೇಳುವವನೂ ಹಿಡಿದು ಶಿಕ್ಷಿಸುವವನೂ ಒಬ್ಬನೇ ಆದರೆ ರೈತ ಯಾರಿಗೆ ದೂರು ಹೇಳಬೇಕು? ಮನ್ರೋ ಕಾಲವಾದ ಬಹಳ ವರ್ಷಗಳ ಮೇಲೆ, 1855ರಲ್ಲಿ, ಮದರಾಸಿನಲ್ಲಿ ಒಂದು ವಿಚಾರಣಾ ಆಯೋಗ ಕುಳಿತಿತು. ಕಂದಾಯಕ್ಕಾಗಿ ಕೆಳಗಿನ ನೌಕರರು ರೈತರನ್ನು ಹಿಂಸಿಸುತ್ತಿದ್ದುದು ಆಗ ಬೆಳಕಿಗೆ ಬಂದಿತು. ಅಧಿಕಾರವನ್ನು ಕೇಳುವವರು ಬೇರೆ ಇರಬೇಕು ಎಂಬುದಕ್ಕೆ ಇದೇ ಸಾಕ್ಷಿ.

1820ರಲ್ಲಿ ಮನ್ರೋ ಮದರಾಸಿನ ಗವರ್ನರ್ ಆದರು. ಈಗ ಅವರು ಕೇಳುವ ಸ್ಥಾನದಲ್ಲಿರಲಿಲ್ಲ, ಕೊಡುವ ಸ್ಥಾನದಲ್ಲಿದ್ದರು. ಹದಿಮೂರು ವರ್ಷಗಳ ಹಿಂದೆ ಬರೆದ ವರದಿಯನ್ನು ಅವರು ಮರೆತಿರಲಿಲ್ಲ. ದತ್ತ ಮಂಡಲದಲ್ಲಿ ರೈತವಾರಿ ಪದ್ಧತಿ ಮರಳಿ ಬಂದಿತು. ಖುಷ್ಕಿ ಮತ್ತು ತರಿ ನೆಲದ ಕಂದಾಯ ನೂರಕ್ಕೆ 25ರಷ್ಟು, ತೋಟದ ಕಂದಾಯ ನೂರಕ್ಕೆ 33ರಷ್ಟು ಇಳಿಯಿತು. 1822ರಲ್ಲಿ ಅವರು ಇನ್ನೊಂದು ಕೆಲಸ ಮಾಡಿದರು. ಪ್ರತಿ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಾರೆ ಎಂದು ಎಣಿಸಿ ತಿಳಿಸುವಂತೆ ಕಲೆಕ್ಟರರಿಗೆ ಆಜ್ಞೆ ಮಾಡಿದರು. ದೊಡ್ಡ ಹುದ್ದೆಗಳನ್ನು ಈ ದೇಶದವರಿಗೇ ಕೊಡಬೇಕೆಂದೂ ಅವರು ಮೇಲಿನವರಿಗೆ ಬರೆದರು.

1827ರಲ್ಲಿ ಮನ್ರೋ ಊರಿಗೆ ಮರಳಲು ಸಿದ್ಧರಾದರು. ಹೋಗುವ ಮೊದಲು ದತ್ತ ಮಂಡಲವನ್ನು ಇನ್ನೊಮ್ಮೆ ನೋಡಬೇಕೆಂಬ ಆಸೆಯಿಂದ ಪ್ರವಾಸ ಹೊರಟರು. ಆಗ ಈ ಕಡೆ ಕಾಲರಾ ಹರಡಿತ್ತು. ಜುಲೈ 6ರಂದು ಪತ್ತಿಕೊಂಡದಲ್ಲಿ ಅವರಿಗೂ ಕಾಲರಾ ತಗುಲಿತು. ಅದೇ ದಿನ ಅವರು ತೀರಿಕೊಂಡರು. ಗುತ್ತಿಯಲ್ಲಿ ಅವರನ್ನು ಮಣ್ಣು ಮಾಡಿದರು. 1831ರಲ್ಲಿ ಅವರ ಅಸ್ಥಿಗಳನ್ನು ಮದರಾಸಿನ ಕೋಟೆಯ ಚರ್ಚಿಗೆ ಒಯ್ದರು. ಪತ್ತಿಕೊಂಡದಲ್ಲಿ ಅವರ ನೆನಪಿಗಾಗಿ ಬಾವಿ ತೋಡಿಸಿ ಮರಗಳ ತೋಪು ಬೆಳೆಸಿದರು. ನೀವು ಚೆನ್ನೈಗೆ ಹೋದರೆ ಕುದುರೆಯ ಮೇಲೆ ಕುಳಿತ ಅವರ ಪ್ರತಿಮೆಯನ್ನು ನೋಡಬಹುದು. ಆ ಕುದುರೆಗೆ ಜೀನೂ ಇಲ್ಲ, ರಿಕಾಪೂ ಇಲ್ಲ.

ನಮ್ಮ ಸೀಮೆಯ ಜನ ಬೇರೆ ರೀತಿಯಲ್ಲಿಯೂ ಅವರನ್ನು ನೆನೆದರು. ಕೆಲವರು ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟರು. ಮಂತ್ರಾಲಯದ ಕಡೆ ಒಂದು ಕತೆಯೇ ಇದೆ. ಮಠದ ಇನಾಮು ಭೂಮಿಯ ವಿಚಾರಣೆಗೆ ಬಂದ ಮನ್ರೋ ಅವರಿಗೆ ರಾಘವೇಂದ್ರ ಸ್ವಾಮಿಗಳು ವೃಂದಾವನದಿಂದ ದರ್ಶನ ಕೊಟ್ಟು ಮಾತನಾಡಿದರೆಂದು ಹಿರಿಯರು ಹೇಳುತ್ತಾರೆ.

ಮಕ್ಕಳೇ, ಇಂದು ನಮ್ಮನ್ನು ಆಳುವವರು ಪರದೇಶದವರಲ್ಲ. ನಾವೇ ಆರಿಸಿ ಕಳಿಸಿದವರು. ತೆರಿಗೆ ಎಷ್ಟು, ಅದು ಯಾವುದಕ್ಕೆ ಖರ್ಚಾಯಿತು ಎಂದು ಕೇಳುವ ಹಕ್ಕು ನಮಗಿದೆ. ಉತ್ತರ ಹೇಳುವ ಹೊಣೆ ಅವರಿಗಿದೆ. ನಾಳೆ ನಿಮ್ಮಲ್ಲಿ ಯಾರಾದರೂ ಅಧಿಕಾರಿಯಾದರೆ, ಲೆಕ್ಕವನ್ನು ರೈತನ ಕಡೆಯಿಂದಲೂ ಒಮ್ಮೆ ಮಾಡಿ ನೋಡಿರಿ. ತಪ್ಪಿದ್ದರೆ ತಿದ್ದಿರಿ.

ಪದಗಳ ಅರ್ಥ
ಕಂದಾಯ : ಭೂಮಿಯ ತೆರಿಗೆ
ಖುಷ್ಕಿ : ಮಳೆಯಿಂದ ಬೆಳೆಯುವ ಹೊಲ
ತರಿ : ಕೆರೆ, ಕಾಲುವೆಯ ನೀರಿನಿಂದ ಬೆಳೆಯುವ ಗದ್ದೆ
ವ್ಯಾಜ್ಯ : ನ್ಯಾಯಾಲಯದ ಮುಂದೆ ತರುವ ತಕರಾರು
ರಿಕಾಪು : ಕುದುರೆ ಸವಾರನು ಕಾಲಿಡುವ ಬಳೆ

ಪ್ರಶ್ನೆಗಳು
1. ರೈತವಾರಿ ಪದ್ಧತಿ ಎಂದರೇನು?
2. ಮನ್ರೋ 1807ರ ವರದಿಯಲ್ಲಿ ಸರ್ಕಾರಕ್ಕೆ ಏನು ತಿಳಿಸಿದರು?
3. ದೂರದ ಕೋರ್ಟಿನಿಂದ ರೈತರಿಗೆ ಯಾವ ತೊಂದರೆಗಳಾಗುತ್ತಿದ್ದವು?
4. ಕಂದಾಯ ವಸೂಲಿ ಮಾಡುವವರ ಕೈಯಲ್ಲೇ ಪೊಲೀಸ್ ಅಧಿಕಾರವಿದ್ದರೆ ಏನಾಗುತ್ತದೆ? ನಿಮ್ಮ ಮಾತಿನಲ್ಲಿ ಬರೆಯಿರಿ.