30 ವಾಟ್‌ನ ಮೇಷ್ಟ್ರು

ಎಂ.ವಿ. ಗೋಪಾಲಸ್ವಾಮಿ ಎಂಜಿನಿಯರ್ ಅಲ್ಲ. ಲಂಡನ್ನಿನಲ್ಲಿ ಓದಿ ಬಂದು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳಿಕೊಡುತ್ತಿದ್ದ ಮೇಷ್ಟ್ರು. 1924ರಲ್ಲಿ ಅಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದ್ದೂ ಅವರೇ. ಅಷ್ಟಕ್ಕೇ ನಿಂತಿದ್ದರೂ ಹೆಸರು ಉಳಿಯುತ್ತಿತ್ತು.

ರೇಡಿಯೊ ಅವರಿಗೆ ಹವ್ಯಾಸ. 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠಲ ವಿಹಾರ’ದಿಂದಲೇ ಪ್ರಸಾರ ಶುರು ಮಾಡಿದರು. ಟ್ರಾನ್ಸ್‌ಮಿಟರ್ ಬರೀ 30 ವಾಟ್‌ನದು. ಗುಬ್ಬಿಯ ನಮ್ಮ ಮನೆಯ ಹಳೇ ಫ್ಯಾನ್ ಕೂಡ ಅದಕ್ಕಿಂತ ಹೆಚ್ಚು ಕರೆಂಟ್ ತಿನ್ನುತ್ತದೆ! ಕೇಂದ್ರಕ್ಕೆ ಇಟ್ಟ ಹೆಸರು ಆಕಾಶವಾಣಿ. ಮುಂದೆ ದೇಶದ ರೇಡಿಯೊಗೂ ಅದೇ ಹೆಸರು ಬಂತು. ಕೈಯಿಂದ ಹಣ ಹಾಕುತ್ತಲೇ ಮೇಷ್ಟ್ರು 250 ವಾಟ್‌ನ ಯಂತ್ರಕ್ಕೆ ಏರಿದರು. 1942ರಲ್ಲಿ ಮೈಸೂರು ಸರ್ಕಾರ ಕೇಂದ್ರವನ್ನು ವಹಿಸಿಕೊಂಡಿತು.

ಇದನ್ನು ಓದುವಾಗ ನನಗೆ ಸ್ವಲ್ಪ ನಾಚಿಕೆಯಾಯಿತು. ನಾನು ತುಮಕೂರಿನಲ್ಲಿ ಬಿಇ ಓದುತ್ತಿರುವವನು. ಹ್ಯಾಮ್ ರೇಡಿಯೊದ ಮೊದಲ ಮೆಟ್ಟಿಲು, ರಿಸ್ಟ್ರಿಕ್ಟೆಡ್ ಗ್ರೇಡ್, ಪಾಸಾಗಿ ವರ್ಷವಾಯಿತು. ಜನರಲ್ ಗ್ರೇಡ್‌ಗೆ ನಿಮಿಷಕ್ಕೆ 8 ಪದದ ಮೋರ್ಸ್ ಬರಬೇಕು. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಇದನ್ನೆಲ್ಲ ಯಾರು ಕೇಳುತ್ತಾರೆ ಎಂದು ಪುಸ್ತಕ ಮುಚ್ಚಿಟ್ಟಿದ್ದೆ. ಮನಃಶಾಸ್ತ್ರದ ಮೇಷ್ಟ್ರನ್ನೂ ಯಾರೂ ಕೇಳಿರಲಿಲ್ಲ.

ಈಗ ಗುಬ್ಬಿ–ತುಮಕೂರು ರೈಲಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಡಿಟ್–ಡಾ ಕೇಳುತ್ತೇನೆ. ಸದ್ಯ 5 ಪದ. ‘ಎಫ್’, ‘ಎಲ್’ ಇನ್ನೂ ಅದಲುಬದಲಾಗುತ್ತವೆ.