ಫುಟ್‌ಬಾಲಿನ ವಸ್ತಾದ ರಹೀಂ

ನಮ್ಮ ಅಥಣಿ, ಕಾಗವಾಡ, ನಿಪ್ಪಾಣಿ ಕಡೆ ಪೈಲ್ವಾನ ಕುಸ್ತಿ ಗೆದ್ದರೆ, ಅವನ ವಸ್ತಾದ ಯಾರು ಅಂತ ಜನ ಕೇಳ್ತಾರೆ. ಭಾರತದ ಫುಟ್‌ಬಾಲ್‌ಗೂ ಅಂಥ ವಸ್ತಾದ ಒಬ್ಬರಿದ್ದರು: ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ.

ಮೇಷ್ಟ್ರಾಗಿದ್ದ ರಹೀಂ ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು. 1951ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ. ಆ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 10-1ರ ಸೋಲು. ನಮ್ಮವರು ಬಹಳ ಮಂದಿ ಆಡಿದ್ದು ಬರಿಗಾಲಲ್ಲಿ. ಇವತ್ತಾಗಿದ್ದರೆ ಕೋಚ್ ಕಥೆ ಅಲ್ಲಿಗೇ ಮುಗೀತಿತ್ತು. ಆದರೆ 1956ರ ಮೆಲ್ಬರ್ನ್‌ಗೆ ತಂಡವನ್ನು ಮತ್ತೆ ರಹೀಂ ಕೈಗೇ ಕೊಟ್ಟರು. ನಾಲ್ಕನೇ ಸ್ಥಾನ ಬಂತು.

1962ರ ಜಕಾರ್ತಾ ಏಷ್ಯನ್ ಗೇಮ್ಸ್ ಹೊತ್ತಿಗೆ ಅವರಿಗೆ ಶ್ವಾಸಕೋಶದ ಕ್ಯಾನ್ಸರ್. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 0-2 ಸೋಲು. ಮುಂದೆ, ತಲೆಗೆ ಹೊಲಿಗೆ ಬಿದ್ದಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನು ರಹೀಂ ಫಾರ್ವರ್ಡ್ ಆಗಿ ಇಳಿಸಿದರು. ಫೈನಲ್‌ನಲ್ಲಿ ಅದೇ ಕೊರಿಯಾವನ್ನು 2-1ರಿಂದ ಸೋಲಿಸಿದ ಭಾರತದ ಒಂದು ಗೋಲು ಜರ್ನೈಲರದು.

1963ರ ಜೂನ್‌ನಲ್ಲಿ ರಹೀಂ ತೀರಿಕೊಂಡರು. ಆ ಚಿನ್ನ ಮತ್ತೆ ಬಂದಿಲ್ಲ. ಒಂದು ಸೋಲಿಗೇ ವಸ್ತಾದನನ್ನು ಬದಲಿಸುವ ನಾವು ಅವರ ಹತ್ತು ವರ್ಷದ ಲೆಕ್ಕವನ್ನೊಮ್ಮೆ ನೋಡಬೇಕು.